ಅಡ್ಡಗಾಲು

ಪುಟ ಹನ್ನೊಂದು, ಮೂರನೇ ಸಾಲು, ನನ್ನದೇ ಅಕ್ಷರ:
ಅಡ್ಡಗಾಲು ಕೊಟ್ಟರೆ ಬೀಳಬೇಕು.
ಬಿದ್ದವನು ಏಳುವಾಗ ಪಕ್ಕದವನಿಗೆ ಒಂದು ಪುಕ್ಕಟೆ ಪೆಟ್ಟು.
ಬರೆದ ದಿನ ಎಷ್ಟು ಚಂದ ಕಂಡಿತ್ತು.

ಉಪ್ಪಳ, ರೈಲ್ವೇ ಗೇಟಿನ ಹತ್ತಿರ,
ಮುಚ್ಚಿದ ಟೈಲರ್ ಅಂಗಡಿಯ ಮಾಳಿಗೆ.
ಬಟ್ಟೆ ಕತ್ತರಿಸುತ್ತಿದ್ದ ಮೇಜೇ ರಣರಂಗ,
ಸೀಮೆಸುಣ್ಣದ ಚೌಕ, ಅಂಗಿಗುಂಡಿಯ ಸೈನಿಕರು,
ಇಪ್ಪತ್ತು ಮುಖದ ಒಂದೇ ಒಂದು ದಾಳ.
ರೈಲು ಹೋದಾಗ ಅದು ತಾನೇ ಮಗುಚುತ್ತದೆ.
ಆ ಎಸೆತ ಲೆಕ್ಕಕ್ಕಿಲ್ಲ; ಅದಕ್ಕೂ ನಿಯಮ ಉಂಟು.

ನಾಲ್ಕು ತಿಂಗಳು ಕೂತು ಕಟ್ಟಿದ್ದೆ ಕೋಟೆಯ ಒಡೆಯನನ್ನು:
ಕಬ್ಬಿಣದ ಮೈ, ಎರಡು ನಾಲಗೆ,
ಸಾಯುವ ಮೊದಲು ಆಡಲು ಒಂದೂವರೆ ಪುಟದ ಮಾತು.
ದಿವಿತಾ ಸರಪಳಿ ಬೀಸಿದಳು. ಬಿದ್ದ.
ಎದ್ದ. ಪುಕ್ಕಟೆ ಪೆಟ್ಟು. ಆ ಪೆಟ್ಟೂ ಅಡ್ಡಗಾಲೇ. ಬಿದ್ದ.
ಎದ್ದ, ಬಿದ್ದ.
ಎದ್ದ
ಮುಕ್ಕಾಲು ಗಂಟೆ ನನ್ನ ರಾಕ್ಷಸ
ಯಾರೋ ಮಗುಚಿ ಹಾಕಿದ ಆಮೆ.

"ಇದು ಯುದ್ಧವಾ ಮಾರಾಯ್ತಿ, ಬಟ್ಟೆ ಒಗೆಯುವುದಾ?"
"ನೀನೇ ಬರೆದದ್ದಲ್ಲವಾ?" ಎಂದಳು, ಕಡಲೆಯ ಸಿಪ್ಪೆ ಊದುತ್ತ.
ಶಾಲೆಯಲ್ಲಿ ಅವಳು ಕಬಡ್ಡಿ, ಎಡಮೂಲೆ;
ಅವಳ ಬೆರಳಿಗೆ ಸಿಕ್ಕ ಕಾಲಗಂಟು
ಗೆರೆ ಮುಟ್ಟಿದ್ದು ಯಾರೂ ನೋಡಿಲ್ಲ.
ಮೊಗ್ರಾಲಿನ ಶಂನಾದ್‌ಗೆ ಸಿಟ್ಟು:
"ನಮ್ಮಲ್ಲಿ ಇದಕ್ಕೆ ಹಳದಿ ಕಾರ್ಡು. ಎರಡನೇ ಸಲಕ್ಕೆ ಹೊರಗೆ."
ಒಂದು ಮೈದಾನದಲ್ಲಿ ಕಾಲು ಹಿಡಿದರೆ ಪಾಯಿಂಟು,
ಇನ್ನೊಂದರಲ್ಲಿ ಕಾಲು ತಾಗಿದರೆ ಸೀಟಿ.
ನಡುವೆ ಒಂದು ಬಸ್ಸಿನ ದಾರಿ.

ತಿದ್ದಿದೆ: ಭಾರ ಹೆಚ್ಚಿದ್ದವನು ಬೀಳುವುದಿಲ್ಲ.
ಅಡ್ಡಗಾಲು ಯಾರಿಗೂ ಬೇಡವಾಯಿತು,
ದಿವಿತಾ ಎರಡು ವಾರ ಬರಲಿಲ್ಲ.
ತಿದ್ದಿದೆ: ಒಂದು ಕಾಳಗಕ್ಕೆ ಮೂರೇ ಸಲ.
"ನಾಲ್ಕನೇ ಸಲಕ್ಕೆ ಕಾಲಿಗೆ ಎಂತ ಆಗ್ತದೆ?"
ಯತಿರಾಜ, ಗಣಿತದ ಮಾಸ್ಟ್ರು, ಬಿಡುವವನಲ್ಲ:
"ಹೆಬ್ಬಾವಿಗೆ ಕಾಲೆಲ್ಲಿ?
ಲೋಳೆಭೂತಕ್ಕೆ ಬೆನ್ನು ಯಾವುದು, ಹೊಟ್ಟೆ ಯಾವುದು?"
ಅಂಚಿನಲ್ಲಿ ಬರೆದುಕೊಂಡೆ:
ನಿಲ್ಲದವರು ಬೀಳುವುದಿಲ್ಲ.
ಬರೆದು, ಸ್ವಲ್ಪ ಹೊತ್ತು ಪೆನ್ನು ಎತ್ತಲಿಲ್ಲ.

ಆ ರಾತ್ರಿ ಕರೆಂಟು ಹೋಯಿತು.
ಮುರಕಲ್ಲಿನ ಮೆಟ್ಟಿಲು, ಕೆಳಗಿನಿಂದ ಎರಡನೆಯದು ಸವೆದದ್ದು,
ಹೆಜ್ಜೆ ಇಟ್ಟೆ, ಅದು ಇರಲಿಲ್ಲ.
ದಾಳ ಇಲ್ಲ, ಸರಪಳಿ ಇಲ್ಲ, ಎದುರಾಳಿ ಇಲ್ಲ,
ನಿಯಮ ಬರೆದವ ನೆಲದ ಮೇಲೆ.
ಮೊದಲು ನಕ್ಕರು, ಮೂವರೂ. ಅದು ಪುಕ್ಕಟೆ ಪೆಟ್ಟು.
ಆಮೇಲೆ ಶಂನಾದ್ ಕೈ ಕೊಟ್ಟ.
ಅರ್ಧ ಎದ್ದಿದ್ದೆ, ಬಿಟ್ಟುಬಿಟ್ಟ.
ಕೈ ಕೊಟ್ಟ, ಎರಡೂ ಅರ್ಥದಲ್ಲಿ.
"ಹಳದಿ ಕಾರ್ಡು!" ಎಂದು ಕತ್ತಲೆಯಲ್ಲಿ ದಿವಿತಾ.

ಪುಟ ಹನ್ನೊಂದನ್ನು ಹರಿದಿದ್ದೇನೆ. ಹೊಸದು ಬರೆದಿಲ್ಲ.
ಮೇಲೆ ಮೇಜಿನಲ್ಲಿ ನನ್ನ ರಾಕ್ಷಸ, ನಾಲ್ಕು ತೂತಿನ ಕಪ್ಪು ಗುಂಡಿ,
ಇನ್ನೂ ಅಂಗಾತ, ಒಂದೂವರೆ ಪುಟದ ಮಾತು ಬಾಯಲ್ಲೇ.
ಮಂಗಳೂರಿನ ಕೊನೆಯ ರೈಲು ಹಾದುಹೋಗುವಾಗ
ಒಂಚೂರು ಅಲುಗುತ್ತಾನೆ, ಏಳುವವನ ಹಾಗೆ.
ಅದು ಲೆಕ್ಕಕ್ಕಿಲ್ಲ.