ನಾಲ್ಕನೇ ತಿರುವು

ಬೆಂಕಿಪೊಟ್ಟಣದಷ್ಟೇ ಇದೆ.
ಸೀಟಿನಡಿ ಹರಿದ ಸೈಕಲ್ ಟ್ಯೂಬಿನ ಎರಡು ಪದರ ಹಾಸಿ
ಅದರ ಮೇಲೆ ಕೂರಿಸಿದೆ.
ಇಲ್ಲದಿದ್ದರೆ ಎಂಜಿನ್ನಿನ ಗುರುಗುರು ಒಂದನ್ನೇ ಕೇಳಿಸಿಕೊಂಡು
ಮಿಕ್ಕಿದ್ದೆಲ್ಲ ಮರೆತುಬಿಡುತ್ತದೆ,
ಮದುವೆಮನೆಯಲ್ಲಿ ವಾಲಗದ ಪಕ್ಕ ಕೂತವರ ಹಾಗೆ.

ಜೆಸಿಂತಾ ಹೆಲ್ಮೆಟ್ಟಿನೊಳಗಿಂದ ಏನೋ ಅಂದಳು.
ಬಹುಶಃ ಬೈದಳು.
ಸೈನೈಡ್ ದಿಬ್ಬದ ಮೇಲೆ ಬೆಳಗಿನ ಏಳು ಗಂಟೆ,
ಹಳೇ ಟೈರು ನೆಟ್ಟು ನಾವೇ ಮಾಡಿಕೊಂಡ ಟ್ರ್ಯಾಕು,
ಗಣಿಯವರು ಅರೆದು, ಚಿನ್ನ ಹೀರಿ, ಉಗಿದ ಮಣ್ಣು
ಹಲ್ಲಿಗೆ ಸಿಕ್ಕರೆ ಕರಕರ.

ಆರು ಸುತ್ತು.
ಬಿಸಿಲಿಗೆ ಟವೆಲ್ ಹೊದ್ದು ಲ್ಯಾಪ್‌ಟಾಪ್ ನೋಡಿದೆ:
ಎಷ್ಟು ವಾಲಿದಳು, ಹಿಂದಿನ ಚಕ್ರ ಎಲ್ಲಿ ಜಾರಿತು,
ಯಾವ ಉಬ್ಬಿನಲ್ಲಿ ಎರಡೂ ಚಕ್ರ ನೆಲ ಬಿಟ್ಟು
ಗೆರೆ ಸೊನ್ನೆಗಿಳಿಯಿತು.
(ಹಾರುವಾಗ ಅದಕ್ಕೆ ಭಾರವೇ ತಿಳಿಯದು.)
ನಾಲ್ಕನೇ ತಿರುವಿನಲ್ಲಿ ಮಾತ್ರ
ಆರಕ್ಕಾರು ಸಲವೂ, ಬ್ರೇಕಿಗೆ ಮೊದಲು,
ಒಂದು ಸಣ್ಣ ನಡುಕ.

"ಅಲ್ಲಿ ಹೆದರ್ತೀಯ" ಅಂದೆ.
"ಹೆದರೋದು ನಿನ್ನ ಪೆಟ್ಟಿಗೆ" ಅಂದಳು.
ನೀರು ಕುಡಿದು ಬಾಟಲಿ ನನ್ನ ಮೇಲೇ ಎಸೆದಳು.

ಟೇಪು ಕಾವಿಗೆ ಸಡಿಲಿರಬಹುದು. ಕಿತ್ತು ಅಂಟಿಸಿದೆ.
ಅದೇ ನಡುಕ.
ಕೊನೆಗೆ ನನ್ನ ಲಟಾರಿ ಎಕ್ಸೆಲ್ಲಿಗೆ ಕಟ್ಟಿ
ಹಾಲು ಹಾಕುವವನ ವೇಗದಲ್ಲಿ ನಾನೇ ಒಂದು ಸುತ್ತು ಹೊಡೆದೆ.
ಚಿಕ್ಕದು. ಆದರೆ ಅದೇ ಜಾಗ.

ಸಂಜೆ ಅಪ್ಪನಿಗೆ ತೋರಿಸಿದೆ.
ಮಾರಿಕುಪ್ಪದ ಕಡೆ ಒಂದು ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ
ನೆಲದ ಕಂಪನ ಬರೆಯುವ ಮುಳ್ಳಿಗೆ ಮಸಿ ತುಂಬಿದವರು.
ಕೆಳಗೆ ಬಂಡೆ ಸಿಡಿದರೆ
ಅಡುಗೆಮನೆಯ ತಟ್ಟೆ ಅಲುಗುವ ಮೊದಲೇ
ಇವರ ಕಾಗದಕ್ಕೆ ಗೊತ್ತಿರುತ್ತಿತ್ತು.
ಸ್ಪೀಡೆಷ್ಟು, ಮುಂದೆ ಯಾರು, ಏನೂ ಕೇಳಲಿಲ್ಲ.
ಕನ್ನಡಕ ಹಣೆಗೇರಿಸಿ ಉಗುರಿನಿಂದ ಗೆರೆ ಸವರಿ
"ಒಳಗೆ ಟೊಳ್ಳೋ, ಮೇಲೆ ಬರೀ ಗುಂಡಿಯೋ,
ಇದು ಹೇಳಲ್ಲ" ಅಂದರು.
ಊಟ ಮುಗಿದ ಮೇಲೆ, ಕೈ ತೊಳೆಯುತ್ತ:
"ಒಂದೇ ಕಡೆ ಕೂತು ಕೇಳಬೇಕು ಕಣಯ್ಯ.
ಓಡ್ತಾ ಓಡ್ತಾ ಕೇಳಿದ್ರೆ ನಿಮ್ಮ ಸದ್ದೇ ಜಾಸ್ತಿ."

ಮುಂದಿನ ಭಾನುವಾರ ಜೆಸಿಂತಾಗೆ ಹೇಳಿದೆ.
ಟೈರು ಆಚೆ ಸರಿಸೋಣವಾ ಅಂದರೆ ಬೇಡ ಅಂದಳು.
ನಾಲ್ಕನೇ ತಿರುವಿಗೆ ಬಂದವಳು
ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ಮೊಣಕಾಲು ಮಡಿಸಿ,
ರೇಸ್ ಇಳಿಸಿ ದಾಟಿದಳು,
ನೈಟ್ ಶಿಫ್ಟ್ ಮುಗಿಸಿ ಮಲಗಿದವರ
ಬಾಗಿಲ ಮುಂದೆ ಹಾದುಹೋಗುವಂತೆ.

ಆ ಸುತ್ತು ಅರ್ಧ ಸೆಕೆಂಡು ನಿಧಾನ.
ನಡುಕ ಇದ್ದೇ ಇತ್ತು.
ಫೈಲಿಗೆ ಹೆಸರು ಕೊಡು ಅಂತು ಲ್ಯಾಪ್‌ಟಾಪು.
ತಾರೀಕಷ್ಟೇ ಬರೆದೆ.