ಮಳಿಯಪ್ಪ ಮಾಸ್ತರರ ಗಾದಿ

ಕಾಗದದಾಗ ನಾಕ ಗಂಟೆ ಅಂತ ಐತಿ:
'ಬೇಸಿಗೆ ಕಾವ್ಯ ವಾಚನ, ಸರ್ವರಿಗೂ ಸ್ವಾಗತ.'
ಗುಳೇದಗುಡ್ಡದ ನಾಕರ ಬಿಸಲಿಗೆ
ನಾಯೀನೂ ಬರೂದಿಲ್ಲ, ಟ್ರಸ್ಟಿನ ಅಧ್ಯಕ್ಷರೂ ಬರೂದಿಲ್ಲ.
ಬರವರು ಬ್ಯಾರೆ.

ಹನ್ನೊಂದಕ್ಕ ಕರೆಂಟ್ ಹೋತಂದ್ರ
ಓಣಿ ಪಾವರ್‌ಲೂಮೆಲ್ಲಾ ಒಮ್ಮೆಲೆ ಬಾಯಿ ಮುಚ್ಚತಾವ,
ಕಿವಿಗೆ ಒಂದ ನಮೂನಿ ಬಯಲು.
ಆವಾಗ ಬರತಾರ, ಹೆಗಲ ಮ್ಯಾಲ ಟವೆಲ್ಲು,
ಮೈತುಂಬ ನೂಲಿನ ಧೂಳು.
ಕವಿಮನಿದು ಮಣ್ಣಿನ ಮಾಳಗಿ, ಪಡಸಾಲಿ ತಂಪ;
ಫೋಟೋದ ಕೆಳಗ ಸಾಲಾಗಿ ಅಡ್ಡಾಗತಾರ.
ಪುಸ್ತಕದಾಗ ಸಹಿ ಮಾಡ್ರಿ ಅಂತೀನಿ.
ಅಭಿಪ್ರಾಯ ಅಂಬೋ ಕಡೆ ಚಿಲ್ಲಾಳ ಗಂಗಪ್ಪ ಬರದಾನ:
'ನಿದ್ದಿ ಚೊಲೊ ಆತು.'

ಶಿಬಿರದ ಹುಡುಗರು ಇಪ್ಪತ್ತೆರಡು.
ಮಾಸ್ತರರ ಒಂದ ಸಾಮಾನ ಆರಿಸಿ ಕವಿತಾ ಬರೀರಿ ಅಂದ್ರು ಟೀಚರು.
ಚಷ್ಮಾದ ಮ್ಯಾಲ ಒಂಬತ್ತು, ಕೊಡಿ ಮ್ಯಾಲ ಏಳು,
ಒಬ್ಬಾವ ಗೋಡಿ ಮ್ಯಾಲಿನ ಹಲ್ಲಿ ಬರದಾ, ಅದೂ ಆವಾಗಿಂದಂತ.
ಬಡಿಗೇರ ಸುವರ್ಣಿ ಕುರ್ಚಿ ನೋಡಿ ಬರದ್ಲು:
'ಮೂರು ಕಾಲು ಕುರ್ಚಿಯವು.
ನಾಕನೇದು ಇಟ್ಟಂಗಿ.
ಇಟ್ಟಂಗಿಗೆ ಬೋರ್ಡ ಇಲ್ಲ.'
ಬಹುಮಾನ ಚಷ್ಮಾಕ್ಕ ಹೋತು.

ಮ್ಯಾಲ ಮಾಳಗಿ ಮಾತ್ರ ಹೆಂಗಸರದು.
ಕೀಲಿ ನಾನ ಕೊಡತೀನಿ, ನಿಯಮದಾಗಿಲ್ಲ.
ಶಾವಿಗಿ, ಕುರಡಿಗಿ, ಸಾಬುದಾನಿ ಸಂಡಿಗಿ,
ಹಳೇ ಧೋತರದ ಮ್ಯಾಲ ಚುಕ್ಕಿ ಚುಕ್ಕಿ.
ಟ್ರಸ್ಟಿನವರು ಏನೂ ಅನ್ನೂದಿಲ್ಲ,
ಅವರ ಮನಿ ಡಬ್ಬೀನೂ ಇಲ್ಲೇ ತುಂಬತಾವ.

ನಾ ನದಾಫರ ಮನಿ ಮಗಳು.
ಗಾದಿ ಬಿಸಲು ಕಾಣದ ಬ್ಯಾಸಗಿ ದಾಟಿದರ
ನನ್ನ ಅಂಗೈ ತಿನ್ನತಾವ.
'ಮುಟ್ಟಬಾರದು' ಬೋರ್ಡ ತಗದಿಟ್ಟು
ಮಾಸ್ತರರ ಗಾದಿ ಹೆಗಲಿಗೇರಿಸಿ ಮ್ಯಾಲ ಒಯ್ದೆ,
ಸಂಡಿಗಿ ಪಕ್ಕಕ್ಕ ಹಾಸಿ ಕೋಲಿಲೆ ಬಡದೆ.
ಹೊಲಿಗಿ ಬಿಚ್ಚಿ, ಅರಳಿ ಸಂದ್ಯಾಗಿಂದ
ನಾಕ ಮಡಿಕಿ ಹಾಳಿ ಒಂದು ಜಾರಿ
ಹಸೀ ಸಂಡಿಗಿ ಮ್ಯಾಲ ಬಿತ್ತು.
ಮೂಲ್ಯಾಗ ಅಂಟು ಇನ್ನೂ ಐತಿ. ಒರಸಿಲ್ಲ.

ಒಂದ ಮಗ್ಗಲಿಗೆ:
'ಬಿಸಿಲೆ, ನೀನಿಷ್ಟು ಹತ್ತಿರ ಬಂದು ಕೂತ ಮೇಲೆ
ನಾನು ಯಾವ ನೆರಳಿಗೆ'
ಅಷ್ಟ. ಮಸಿ ತೀರಿತ್ತೋ, ಯಾರರ ಕರದರೋ.

ಇನ್ನೊಂದ ಮಗ್ಗಲಿಗೆ:
'ಜೋಳ ನಾಲ್ಕು ಸೇರು. ಚಹಾಪುಡಿ. ಕಂದೀಲ ಗಾಜು.
ಪಿಂಜಾರ ಪೀರವ್ವಗ ಗಾದಿ ಹಿಂಜಿದ್ದು
ಮೂರು ರೂಪಾಯಿ ಆರಾಣೆ. ಬಾಕಿ.'

ಪೀರವ್ವ ನಮ್ಮವ್ವನ ಅವ್ವ.
ಬಿಲ್ಲಿನ ದನಿ ಟಂಯ್ ಟಂಯ್ ಓಣಿಗೆ ಮೊದಲ ಬರತಿತ್ತಂತ,
ಆಕಿ ಆಮ್ಯಾಲ.
ಹುಬ್ಬಿನ ಮ್ಯಾಲ ಅರಳಿ, ಕೆಮ್ಮಿನಾಗ ಅರಳಿ.
ಎಂಟು ವರ್ಷ ಆಕಿ ಕೈಕೆಲಸಾನ ನಾ ಕಸಬರಗಿಲೆ ಜಾಡಿಸೀನಿ,
ನನಗ ಗೊತ್ತಿರಲಿಲ್ಲ.

ಧಾರವಾಡದಿಂದ ಸಂಶೋಧಕರು ಬಂದ್ರು,
ಬಸ್ಸಿನ ಬೆವರು ಆರೂ ಮೊದಲ ಹಾಳಿ ಹಿಡದು
'ಅಪ್ರಕಟಿತ' ಅಂದ್ರು, ಕಣ್ಣು ಒರಸಿಕೊಂಡ್ರು.
ಹಿಂದಿನ ಮಗ್ಗಲ ಹೊರಳಿಸಿ ನೋಡಿ 'ಸಂಸಾರ' ಅಂದ್ರು.
ಗಾಜಿನ ಪೆಟಗ್ಯಾಗ ಇಟ್ಟರು, ಬಿಸಿಲೆ ಅಂಬೋದು ಮ್ಯಾಲ,
ಪೀರವ್ವ ಕೆಳಗ, ಮಖಮಲ್ಲಿಗೆ ಮಾರಿ ಹಚ್ಚಿ.

ಸೋಮವಾರ ರಜಾ.
ಬಾಗಲ ಹಾಕಿ, ಹಾಳಿ ಹೊರಳಿಸಿ,
ಗಾದಿ ಪಕ್ಕ ನೆಲದ ಮ್ಯಾಲ ಬುತ್ತಿ ಬಿಚ್ಚತೀನಿ.
ಸಂಜಿಗೆ ಮತ್ತ ಇದ್ದಂಗ ಇಡತೀನಿ.

ಈ ಸೋಮವಾರ ಮರತೆ.
ಮಂಗಳವಾರ ಬಂದ ಸುವರ್ಣಿ ಗಾಜಿಗೆ ಮೂಗು ಹಚ್ಚಿ
ಗಟ್ಟಿಯಾಗಿ ಓದಿದ್ಲು, ಜೋಳದಿಂದ ಬಾಕಿ ತನಕ,
ಕವಿತಾ ಓದಿದಂಗ, ನಿಂತು ನಿಂತು.
'ಅಕ್ಕಾ, ಆಮ್ಯಾಲ ಕೊಟ್ರೇನು?'

ನಾ ಬಾಯಿ ತಗದೆ, ಕರೆಂಟ್ ಬಂತು.
ಓಣಿ ಮಗ್ಗೆಲ್ಲಾ ಒಮ್ಮೆಲೆ ಶುರು,
ನಾ ಏನಂದೆನೋ ನನಗ ಕೇಳಲಿಲ್ಲ.
ಗಂಗಪ್ಪ ಎದ್ದಾ, ಟವೆಲ್ ಜಾಡಿಸಿದಾ,
ನಿದ್ದಿಗಣ್ಣಾಗ ಇಟ್ಟಂಗಿ ಎಡವಿ ಹೊರಗ ಓಡಿದಾ.
ಕುರ್ಚಿ ಒಂದೀಟು ವಾಲಿತು.