ಏಳನೇ ಸಂಪುಟ

"ಏಳನೇದ್ದು ಬಿಟ್ಟಬಿಡ್ರಿ ಅಕ್ಕೋರ,
ಏನೂ ಆಗೂದಿಲ್ಲ ಅದರಾಗ,"
ಅಂದ ಲಾಡ್ಲೇಸಾಬ, ಪುಸ್ತಕದ ಬೆನ್ನಿಗೆ ಅಂಟು ಸವರುತ್ತ.
ಹದಿಮೂರು ಸಂಪುಟಗಳ ಆ ರಾಜ್ಯವನ್ನು
ದಾರ ಹಾಕಿ ಹೊಲಿದವನು ಅವನು,
ಬಾಡಿಗೆಗೆ ಕೊಡುವವನೂ ಅವನೇ.
ಯಾವ ರಾಣಿ ಯಾವ ಹಾಳೆಯಲ್ಲಿ ಸಾಯುತ್ತಾಳೆಂದು
ಅವನ ಹೆಬ್ಬೆರಳಿಗೆ ಗೊತ್ತು.

"ದಂಡು ಹೊಳಿ ದಂಡಿಗೆ ನಿಂತೈತಿ.
ನೀರು ಇಳಿಯೂದಿಲ್ಲ, ದಂಡು ದಾಟೂದಿಲ್ಲ.
ಆರನೂರ ನಾಲ್ವತ್ತು ಪುಟ!
ನನ್ನ ಕೇಳಿದ್ರ, ಆರು ಮುಗಿಸಿ ಎಂಟಕ್ಕ ಜಿಗೀರಿ."

ತುಪ್ಪದ ಸರ್ ಜಿಗಿದಿದ್ದಾರೆ.
ಸ್ಟಾಫ್ ರೂಮಿನಲ್ಲಿ ರೊಟ್ಟಿ ಮುರಿಯುತ್ತ
ಒಂಬತ್ತನೆಯದರ ಬೆಂಕಿಯನ್ನು ವರ್ಣಿಸುತ್ತಾರೆ.
ಕೋಟೆ ಬಿತ್ತು, ರೆಕ್ಕೆಯ ಸರ್ಪ ಎದ್ದಿತು,
ಶೇಂಗಾಚಟ್ನಿ ಮೇಜಿನ ಮೇಲೆಲ್ಲ ಚೆಲ್ಲಿತು.
"ನೀವಿನ್ನೂ ಹೊಳಿ ದಂಡ್ಯಾಗ ಕುಂತೀರೇನು?"

ಕುಂತಿದ್ದೆ.
ನವನಗರದ ಮನೆಯ ಮಾಳಿಗೆಯಲ್ಲಿ,
ದಿನದ ಬಿಸಿ ಇನ್ನೂ ಬಿಡದ ಫರಸಿಯ ಮೇಲೆ.
ಪುಟ ನೂರಾ ಹನ್ನೆರಡು: ಸೈನಿಕರು ಎಕ್ಕಡ ಹೊಲಿಯುತ್ತಾರೆ.
ಪುಟ ನೂರಾ ಎಂಬತ್ತು: ಇನ್ನೂ ಹೊಲಿಯುತ್ತಾರೆ.
ಸೇನಾಪತಿ ನೀರಲ್ಲೊಂದು ಕೋಲು ನೆಟ್ಟು
ದಿನಾ ಮುಂಜಾನೆ ಗೆರೆ ನೋಡಿ ಬರುತ್ತಾನೆ.
ಅಂಬಿಗ, ಒಕ್ಕಣ್ಣಿನ ಮುದುಕ,
ದೋಣಿಗೆ ರಾಳ ಬಳಿಯುತ್ತಾನೆ,
ಉಗುರಿನಿಂದ ಕೆರೆದು ನೋಡಿ
ಮತ್ತೆ ಬಳಿಯುತ್ತಾನೆ.
ಒಮ್ಮೆ ನನಗೆ ಜೊಂಪು ಹತ್ತಿ
ಇಡೀ ದಂಡು ಮೂಗಿನ ಮೇಲೆ ಬಿತ್ತು.

ಸುಳ್ಳು ಹೇಳುವುದಿಲ್ಲ,
ಕುದುರೆಗಳ ವಂಶಾವಳಿ ಹತ್ತೊಂಬತ್ತು ಪುಟ ಇತ್ತು.
ಹಾರಿಸಿದೆ. ಯಾವ ಕುದುರೆಯೂ ಬಂದು ಕೇಳಲಿಲ್ಲ.

ಆ ಕೋಲು ಮಾತ್ರ ನನ್ನನ್ನು ಬಿಡಲಿಲ್ಲ.

ಹಳೇ ಬಾಗಲಕೋಟೆಯಲ್ಲಿ ನಮ್ಮ ಬಾಗಿಲಿಗೂ
ಯಾರೋ ಬಂದು ಕೆಂಪು ಬಣ್ಣದಲ್ಲಿ ನಂಬರು ಬರೆದರು.
ನೀರು ಇಲ್ಲೀತನಕ, ಅಂದರು,
ಗೋಡೆಯ ಮೇಲೆ ಅಂಗೈ ಇಟ್ಟು ತೋರಿಸಿ.
ಆಮೇಲೆ ಏನೂ ಆಗಲಿಲ್ಲ, ವರ್ಷಗಟ್ಟಲೆ.
ಮುಳುಗೋ ಗೋಡೆಗೆ ಸುಣ್ಣ ಯಾಕೆಂದು ಅಪ್ಪ ಸುಣ್ಣ ಬಿಟ್ಟ.
ಮುಳುಗೋ ಕಿಟಕಿಗೆ ಚಿಲಕ ಯಾಕೆಂದು
ಸುತಳಿ ಕಟ್ಟಿದ.
ಆ ಸುತಳಿಯ ಮನೆಯಲ್ಲೇ ನಾನು ಸೈಕಲ್ ಕಲಿತೆ,
ಎದುರುಮನೆಯ ಮಗ್ಗದ ಸದ್ದಿಗೆ ಮಗ್ಗಿ ಕಲಿತೆ,
ದೊಡ್ಡವಳಾದೆ, ಹದಿನೇಳರ ಮಗ್ಗಿಯಲ್ಲಿ
ಈಗಲೂ ಒಂದು ಕಡೆ ಲಾಳಿ ಸಿಕ್ಕಿಕೊಳ್ಳುತ್ತದೆ.

ಕೇಳಿದರೆ ಅವ್ವ ಒಂದೇ ಉಸುರಿಗೆ ಮುಗಿಸುತ್ತಾಳೆ:
"ನೋಟೀಸ ಬಂತು. ಇಲ್ಲಿಗೆ ಬಂದ್ವಿ."
ಮತ್ತ ನಡಕ?
"ನಡಕ ಏನೈತಿ? ಏನಿಲ್ಲ."

ಇಪ್ಪತ್ತಾರು ರಾತ್ರಿ ಹಿಡಿಯಿತು ಏಳನೆಯದು.
ನೀರು ಇಳಿಯಿತೇ ಅಂದರೆ,
ಇಳಿಯಿತು. ಒಂದು ಗೇಣು. ಕೊನೆಯ ಪುಟದಲ್ಲಿ.

ಎಂಟನೆಯದರ ಮೂರನೇ ಅಧ್ಯಾಯ.
ನಡುಹೊಳೆಯಲ್ಲಿ ಬಾಣ ತಾಗಿ ಅಂಬಿಗ ಬೀಳುತ್ತಾನೆ,
ಒಂದೇ ವಾಕ್ಯ, ಅದೂ ಗಿಡ್ಡನೆಯದು.
ದೋಣಿ ಸೋರದೆ ಆಚೆ ದಡ ಮುಟ್ಟುತ್ತದೆ.
ಸೋರದೆ.
ಆ ಒಂದು ಮಾತಿಗೆ ಪುಸ್ತಕ ಮಡಚಿ
ಚಾಳೀಸು ತೆಗೆದು ಸೆರಗಿನಿಂದ ಒರೆಸಿಕೊಂಡೆ,
ಮೊದಲು ಕಣ್ಣು, ಆಮೇಲೆ ಗಾಜು.

ಮರುದಿನ ತುಪ್ಪದ ಸರ್‌ಗೆ ಹೇಳಹೋದೆ,
ಆ ಅಂಬಿಗ ಸತ್ತಾಗ...
"ಯಾವ ಅಂಬಿಗರಿ?" ಅಂದರು.
ತಪ್ಪು ಅವರದಲ್ಲ. ಗಂಟೆ ಬಾರಿಸಿತು.
ನನಗೆ ಎಂಟನೇ ಬಿ, ಅವರಿಗೆ ಒಂಬತ್ತನೇ ಎ.

ಬಿಡಬೇಕೋ ಓದಬೇಕೋ, ನಾನು ಯಾರಿಗೂ ಹೇಳುವುದಿಲ್ಲ.
ಕೆಲವರಿಗೆ ಆಚೆ ದಡದಲ್ಲಿ ತುರ್ತು ಕೆಲಸ ಇರುತ್ತದೆ.

ಏಳನೆಯದನ್ನು ಮರಳಿಸಿದೆ.
ಲಾಡ್ಲೇಸಾಬ ತಿರುಗಿಸಿ ತಿರುಗಿಸಿ ನೋಡಿದ:
"ಬೆನ್ನು ಸಡಲೇತಲ್ರಿ! ಖರೇನ ಓದಿದ್ರೇನು?"
ಹತ್ತು ರೂಪಾಯಿ ಹೆಚ್ಚಿಗೆ ಇಸಿದುಕೊಂಡ.
ಒಂದು ಕಡೆ ಮಾತ್ರ ಹಾಳೆಗಳು
ಅವನದೇ ಅಂಟಿಗೆ ಹಾಗೇ ಹತ್ತಿಕೊಂಡಿದ್ದವು.
ಚೂರಿ ಆಡಿಸಿ ಮೆಲ್ಲಗೆ ಬಿಡಿಸಿದ,
"ಇಲ್ಲೇನ ಬರದಾರಪ್ಪಾ" ಅಂದವನು
ನಿಂತಲ್ಲೇ ಓದತೊಡಗಿದ,
ತುಟಿ ಅಲುಗುತ್ತಿದ್ದವು,
ಕುದುರೆಯಿಂದ ಕುದುರೆಗೆ.